ಒಂದು ಹೊಳೆಯಷ್ಟು ದೂರ

ಬೆಳಗಿನ ಜಾವ ನಾಲ್ಕರ ಹೊತ್ತು. ತಂಗಡಗಿಯಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ. ಹೊಳೆಯ ಕಡೆಯಿಂದ ಬರುವ ತಂಪು ಗಾಳಿಗೆ ಹಿತ್ತಲ ಬಾಗಿಲು ಸಣ್ಣಗೆ ಕಿರ್ರೆನ್ನುತ್ತಿತ್ತು. ನಮ್ಮ ದೊಡ್ಡವ್ವ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು ಶೇಂಗಾ ಉಂಡಿ ಕಟ್ಟುತ್ತಿದ್ದಳು. ಎದುರಿಗೆ ತಾಮ್ರದ ತಂಬಿಗೆ. ಅದಕ್ಕೆ ಆನಿಸಿ ನಿಲ್ಲಿಸಿದ ನನ್ನ ಮೊಬೈಲು. ಮೊಬೈಲಿನ ಪರದೆಯ ಮೇಲೆ ಭೂಪಟ, ಭೂಪಟದ ಮೇಲೆ ಜೋಳದ ಕಾಳಿನಷ್ಟು ದೊಡ್ಡದೊಂದು ಹಳದಿ ವಿಮಾನ.

"ಎಲ್ಲಿಗಿ ಬಂತು ನೋಡು ತಮ್ಮಾ" ಎಂದಳು ದೊಡ್ಡವ್ವ. ಹತ್ತು ನಿಮಿಷಕ್ಕೊಮ್ಮೆ ಕೇಳುವ ಪ್ರಶ್ನೆ ಅದು. ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಮಾನ ಲಂಡನ್ ಬಿಟ್ಟಾಗಿನಿಂದ ಕೇಳುತ್ತಲೇ ಇದ್ದಳು. ತುರ್ಕಿಯ ಮೇಲೆ ಬಂದಾಗ ಊಟಕ್ಕೆ ಎಬ್ಬಿಸಿದೆ, ಉಣ್ಣಲಿಲ್ಲ. ನಡುರಾತ್ರಿ ಮಲಗು ಎಂದೆ, ಮಲಗಲಿಲ್ಲ. "ಅಕಿ ಅಲ್ಲೆ ಗಾಳ್ಯಾಗ ಕುಂತಿರ್ತಾಳ, ನಾ ಇಲ್ಲೆ ಹೆಂಗ ಮಲಗಲಿ" ಎಂದು ಶೇಂಗಾ ಹುರಿಯಲು ಒಲೆ ಹಚ್ಚಿದಳು.

ನಾಳೆ ಬಿಟ್ಟು ನಾಡಿದ್ದು ಪಂಚಮಿ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಲ್ಲಿ ಎಷ್ಟೇ ಕೆಲಸವಿರಲಿ, ಎಷ್ಟೇ ದೂರವಿರಲಿ, ಶ್ರಾವಣದ ಆ ನಾಲ್ಕು ದಿನಕ್ಕೆ ತವರಿನ ಜೋಕಾಲಿ ಕಾದಿರುತ್ತದೆ. ಅಣ್ಣನೋ ತಮ್ಮನೋ ಕರೆಯಲು ಹೋಗಬೇಕು, ಕರೆದುಕೊಂಡೇ ಬರಬೇಕು. ದೊಡ್ಡವ್ವನ ಒಬ್ಬಳೇ ಮಗಳು, ನನಗೆ ಬೆನ್ನಿಗೆ ಬಿದ್ದವಳಿಗಿಂತ ಹೆಚ್ಚಿನ ತಂಗಿ, ನೌಕರಿಯ ಮೇಲೆ ಲಂಡನ್ನಿನಲ್ಲಿದ್ದಾಳೆ. ಕರೆಯಲು ನಾನು ಅಲ್ಲಿಗೆ ಹೋಗುವುದಂತೂ ಆಗದ ಮಾತು. ಅದಕ್ಕೇ ಈ ರಾತ್ರಿ ಮೊಬೈಲಿನ ಮುಂದೆ ಕುಳಿತು ಅವಳನ್ನು ಕಣ್ಣಲ್ಲೇ ಕರೆದುಕೊಂಡು ಬರುತ್ತಿದ್ದೆ.

ಹಳದಿ ವಿಮಾನ ಅರಬ್ಬಿ ಸಮುದ್ರದ ನೀಲಿ ದಾಟಿ ನಮ್ಮ ನೆಲದ ಮೇಲೆ ಮೂಗು ಚಾಚಿತು. "ಕರಾವಳಿ ದಾಟಿತು ದೊಡ್ಡವ್ವಾ. ಇನ್ನೊಂದು ಸ್ವಲ್ಪ ಹೊತ್ತಿನಾಗ ನಮ್ಮ ಬೆಳಗಾವಿ, ಗೋಕಾಕ್ ಕಡೆ ಮ್ಯಾಲೆ ಬರತೈತಿ" ಎಂದೆ. ಅವಳ ಕೈಯ ಉಂಡಿ ಅರ್ಧಕ್ಕೇ ನಿಂತಿತು.

"ಗೋಕಾಕಾ? ಅಲ್ಲಿಂದ ನಮ್ಮೂರಿಗಿ ಬಾಳ ದೂರ ಇಲ್ಲಲ್ಲೋ."

"ಇಲ್ಲ. ನೂರಾ ಮೂವತ್ತು ಕಿಲೋಮೀಟರಿನ ಆಸುಪಾಸು. ಇಮಾನಕ್ಕ ಒಂಬತ್ತು ನಿಮಿಷ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಅಂಗಳಕ್ಕೆ ಹೋದಳು. ಪಡುವಣದ ಕಡೆ ಮುಖ ಮಾಡಿ ನಿಂತಳು. ಮುಗಿಲ ತುಂಬ ಮೋಡ, ಒಂದು ಚಿಕ್ಕಿಯೂ ಕಾಣುತ್ತಿರಲಿಲ್ಲ. ಆದರೂ ನಿಂತೇ ಇದ್ದಳು. ಒಳಗೆ ಪರದೆಯ ಮೇಲೆ ಜೋಳದ ಕಾಳು ತೆವಳುತ್ತ ತೆಂಕಣ ಮೂಡಣಕ್ಕೆ, ಬೆಂಗಳೂರಿನ ಕಡೆಗೆ ಸರಿಯಿತು.

ಒಳಗೆ ಬಂದವಳು ಒಂದೇ ಮಾತು ಆಡಿದಳು: "ತಲಿ ಮ್ಯಾಲೆ ಹಾದು ಹ್ವಾದ್ಲಲ್ಲೋ ತಮ್ಮಾ."

*

ನಮ್ಮ ಹಿರಿಯರ ಬಳಿ ದೂರಕ್ಕೆ ಅವರದೇ ಅಳತೆಗಳಿದ್ದವು. ಹತ್ತಿರದ ಹೊಲಕ್ಕೆ ಕೂಗಳತೆ: ಇಲ್ಲಿ ನಿಂತು ಕೂಗಿದರೆ ಅಲ್ಲಿ ಕೇಳಬೇಕು. ನೆರೆಯೂರಿಗೆ ಹರದಾರಿ: ಎರಡು ಹರದಾರಿ, ಮೂರು ಹರದಾರಿ. ಇನ್ನೂ ದೂರಕ್ಕೆ ಗಾವುದ. ಅದಕ್ಕೂ ಆಚೆಗಿನದಕ್ಕೆ ದಿನದ ಲೆಕ್ಕ: ಒಂದು ವಸತಿ, ಎರಡು ವಸತಿ, ಅಂದರೆ ದಾರಿಯಲ್ಲಿ ಎಷ್ಟು ರಾತ್ರಿ ತಂಗಬೇಕು ಎಂಬ ಲೆಕ್ಕ. ಈ ಅಳತೆಗಳೆಲ್ಲ ಮೈಗೆ ಹತ್ತಿದವು. ಕೂಗುವ ಗಂಟಲು, ನಡೆಯುವ ಕಾಲು, ದಣಿಯುವ ಎತ್ತು, ಮಲಗುವ ರಾತ್ರಿ ಇವೇ ಅಲ್ಲಿ ಮಾನದಂಡ. ಈಗ ಲಂಡನ್ ಎಷ್ಟು ದೂರ ಎಂದು ದೊಡ್ಡವ್ವನನ್ನು ಕೇಳಿದರೆ "ಹತ್ತ ತಾಸು" ಎನ್ನುತ್ತಾಳೆ. ಕಿಲೋಮೀಟರಿನ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಯೋಚಿಸಿದರೆ ಅವಳೇ ಸರಿ. ವಿಮಾನದ ಕಾಲದಲ್ಲೂ ದೂರವನ್ನು ನಾವು ಅಳೆಯುವುದು ಹಿರಿಯರಂತೆ ಹೊತ್ತಿನಲ್ಲೇ.

ಕಿಲೋಮೀಟರಿನ ಲೆಕ್ಕವೂ ಸೊಗಸಾಗಿಯೇ ಇದೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಲಂಡನ್ನಿಗೆ ನೇರ ದೂರ ಸುಮಾರು 8,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000. ಎಂದರೆ ನಮ್ಮ ಹುಡುಗಿ ಒಂದೇ ಜಿಗಿತಕ್ಕೆ ಭೂಮಿಯ ಐದನೆಯ ಒಂದು ಪಾಲು ದಾಟುತ್ತಾಳೆ. ಇಲ್ಲಿಂದ ಹೋಗುವಾಗ ಹತ್ತೂವರೆ, ಹನ್ನೊಂದು ತಾಸು. ಅಲ್ಲಿಂದ ಬರುವಾಗ ಹತ್ತು ತಾಸಿನ ಆಸುಪಾಸು. ದಾರಿ ಒಂದೇ ಆದರೂ ಹೊತ್ತು ಬೇರೆಯಾಗುವುದು ಗಾಳಿಯಿಂದ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಸಮಶೀತೋಷ್ಣ ನಾಡುಗಳ ಮೇಲೆ ಪಡುವಣದಿಂದ ಮೂಡಣಕ್ಕೆ ಹೊಳೆಯಂತೆ ಹರಿಯುವ ಬಿರುಗಾಳಿಯೊಂದಿದೆ. ಊರಿಗೆ ಬರುವವರ ಬೆನ್ನಿಗೆ ಅದು ಕೈಕೊಟ್ಟು ನೂಕುತ್ತದೆ, ಊರು ಬಿಟ್ಟು ಹೋಗುವವರ ಎದೆಗೆ ಎದುರಾಗುತ್ತದೆ. ದೊಡ್ಡವ್ವನಿಗೆ ಇದನ್ನು ಹೇಳಿದಾಗ ಅವಳಿಗೆ ಬಹಳ ಹಿತವಾಯಿತು. "ಗಾಳಿಗೂ ಗೊತ್ತೈತಿ ನೋಡು, ತವರಿಗಿ ಬರೋರು ಯಾರು ಅಂತ" ಎಂದಳು.

ವಿಮಾನ ಭೂಪಟದಲ್ಲಿ ಬಾಗಿದ ದಾರಿ ಹಿಡಿದು ಬರುವುದನ್ನು ಕಂಡು, ಸೀದಾ ಯಾಕೆ ಬರುವುದಿಲ್ಲ ಎಂದೂ ಅವಳು ಕೇಳಿದ್ದಳು. ಕಟ್ಟಿಟ್ಟ ಉಂಡಿಗಳಲ್ಲಿ ದೊಡ್ಡದೊಂದನ್ನು ಎತ್ತಿಕೊಂಡು, ಹೂ ಕಟ್ಟುವ ದಾರದ ಒಂದು ತುದಿಯನ್ನು ಇಲ್ಲಿ, ಇನ್ನೊಂದು ತುದಿಯನ್ನು ಅಲ್ಲಿ ಒತ್ತಿ ಹಿಡಿದು ತೋರಿಸಿದೆ. ದಾರವನ್ನು ಬಿಗಿದರೆ ಅದು ತಾನೇ ಅತಿ ಹತ್ತಿರದ ಹಾದಿಗೆ ಹೋಗಿ ಕೂಡುತ್ತದೆ. ಅದೇ ಹಾದಿಯನ್ನು ಹಾಳೆಯ ಮೇಲೆ ಬಿಡಿಸಿದರೆ ಬಡಗಣಕ್ಕೆ ಬಾಗಿದ ಬಿಲ್ಲಿನಂತೆ ಕಾಣುತ್ತದೆ. ಭೂಮಿ ಉಂಡಿಯಂತೆ ದುಂಡಗಿದೆ, ಹಾಳೆ ರೊಟ್ಟಿಯಂತೆ ಚಪ್ಪಟೆಯಾಗಿದೆ, ಅಷ್ಟೇ ವ್ಯತ್ಯಾಸ. ಯುದ್ಧ, ಮುನಿಸು, ಮುಚ್ಚಿದ ಗಡಿಗಳು ಎದುರಾದಾಗ ವಿಮಾನ ಈ ಬಿಗಿದ ದಾರವನ್ನು ಬಿಟ್ಟು ಸುತ್ತು ಹಾಕಬೇಕಾಗುತ್ತದೆ. ಆಗ ಹೊತ್ತೂ ಹೆಚ್ಚುತ್ತದೆ. ಗಾಳಿಯಲ್ಲೂ ಮನುಷ್ಯ ಬೇಲಿ ಹಾಕಿದ್ದಾನೆ.

ಬೆಂಗಳೂರಿನ ಪಾಲಿಗೆ ಇಂಥ ದಾರಗಳಲ್ಲಿ ಎಲ್ಲಕ್ಕಿಂತ ಉದ್ದನೆಯದನ್ನು ಎಳೆದ ದಿನ ನನಗೆ ನೆನಪಿದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಬಂದು, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ನೇರ ದೂರ 13,993 ಕಿಲೋಮೀಟರ್. ಹಿಡಿದದ್ದು ಸುಮಾರು ಹದಿನೇಳು ತಾಸು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳಾಗಿ, ಅದನ್ನು ನಡೆಸಿದವರೆಲ್ಲರೂ ಹೆಣ್ಣುಮಕ್ಕಳು. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿ ನಮ್ಮ ದೊಡ್ಡಪ್ಪ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದ. ಎತ್ತಿನ ಬಂಡಿಯನ್ನು ಗಂಡಸರೇ ಹೂಡಬೇಕೆನ್ನುವ ಊರಲ್ಲಿ ಅದು ದೊಡ್ಡ ಸುದ್ದಿ.

ಹಿಂದಿನದನ್ನು ನೆನೆದರೆ ಈ ಹತ್ತು ತಾಸಿನ ಬೆಲೆ ತಿಳಿಯುತ್ತದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಮುಂಬಯಿಯಿಂದ ಲಂಡನ್ನಿಗೆ ಹಡಗು ಆಫ್ರಿಕಾ ಖಂಡವನ್ನೇ ಸುತ್ತಿ ತಿಂಗಳುಗಟ್ಟಲೆ ಸಾಗಬೇಕಿತ್ತು. ಕಾಲುವೆಯಾದ ಮೇಲೆ ಅದು ವಾರಗಳಿಗೆ ಇಳಿಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜೂನ್ 8ರಂದು, ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಕೈರೋ, ಜಿನೀವಾಗಳಲ್ಲಿ ಇಳಿದು ಏರಿ ಲಂಡನ್ನಿಗೆ ಹಾರಿತು. ನಮ್ಮ ಕಡೆಯವರ ಪಾಲಿಗೆ ಆಗಲೂ ಮುಂಬಯಿಯೇ ಪರದೇಶದ ಹೊಸ್ತಿಲು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ಹೊಸ್ತಿಲು ಬೆಂಗಳೂರಿಗೆ ಸರಿಯಿತು. ನಮ್ಮ ತಂಗಿಯ ಪೀಳಿಗೆ ಹೊರಟದ್ದು ಈ ಬಾಗಿಲಿನಿಂದಲೇ.

*

ಬೆಳಕು ಹರಿದ ಮೇಲೆ ನಾನು ಹೊಳೆಯ ದಂಡೆಗೆ ನಡೆದೆ.

ಶ್ರಾವಣದ ಕೃಷ್ಣೆಯನ್ನು ನೋಡಬೇಕು. ಬೇಸಿಗೆಯಲ್ಲಿ ಹಸಿರು ತಿರುಗಿ ಅಲುಗದೆ ಬಿದ್ದಿರುವ ನೀರು ಈಗ ಕೆಮ್ಮಣ್ಣಿನ ಬಣ್ಣ ತಾಳಿ, ಕಸಕಡ್ಡಿ, ಜಾಲಿಯ ಟೊಂಗೆ, ನೊರೆಯ ಗಡ್ಡೆಗಳನ್ನು ಹೊತ್ತು ಮೂಡಣಕ್ಕೆ ಸಾಗುತ್ತಿರುತ್ತದೆ. ಮೇಲ್ಗಡೆ ಆಲಮಟ್ಟಿ, ಕೆಳಗಡೆ ನಾರಾಯಣಪುರ, ಎರಡು ಅಣೆಕಟ್ಟುಗಳ ನಡುವೆ ಸಿಕ್ಕ ಹೊಳೆ ಇದು. ನಾರಾಯಣಪುರದಲ್ಲಿ ಬಸವಸಾಗರ ತುಂಬಿದಾಗ ಅದರ ಹಿನ್ನೀರು ಇಲ್ಲಿಯವರೆಗೂ ಬಂದು ನಿಲ್ಲುತ್ತದೆ. ಆಲಮಟ್ಟಿಯಲ್ಲಿ ಗೇಟು ತೆಗೆದರೆಂಬ ಸುದ್ದಿ ಬಂದರೆ ದಂಡೆಯ ಹೊಲದವರು ಪಂಪ್‌ಸೆಟ್ಟು ಬಿಚ್ಚಿಕೊಂಡು ಮೇಲಕ್ಕೆ ಬರುತ್ತಾರೆ.

ಈ ದಂಡೆಯಲ್ಲೇ ನೀಲಮ್ಮನ ತಾಣ. ಬಸವಣ್ಣನವರ ಹೆಂಡತಿ, ಶರಣೆ, 'ಸಂಗಯ್ಯ' ಎಂಬ ಅಂಕಿತದಲ್ಲಿ ವಚನ ಬರೆದ ನೀಲಾಂಬಿಕೆ. ಅವಳು ಐಕ್ಯಳಾದ ಊರೆಂದೇ ತಂಗಡಗಿಗೆ ಹೆಸರು. ಹೊಳೆಯ ಆಚೆ ದಂಡೆಯಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುವ ಜಾಗದಲ್ಲಿ ಕೂಡಲಸಂಗಮ. ಅಲ್ಲಿ ಬಸವಣ್ಣನವರ ಐಕ್ಯ. ಗಂಡ ಆ ದಂಡೆ, ಹೆಂಡತಿ ಈ ದಂಡೆ. ನಡುವೆ ಒಂದು ಹೊಳೆ.

ಅದರ ಕಥೆಯನ್ನು ಈ ಭಾಗದ ಮಕ್ಕಳು ಅಜ್ಜಿಯ ತೊಡೆಯ ಮೇಲೆ ಕೇಳಿ ಬೆಳೆಯುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕ್ರಾಂತಿಯೆದ್ದು, ಬಸವಣ್ಣನವರು ಊರು ಬಿಟ್ಟು ಸಂಗಮಕ್ಕೆ ಬಂದರು. ಬಂದ ಮೇಲೆ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದರು. ಹಡಪವೆಂದರೆ ಎಲೆ ಅಡಿಕೆಯ ಚೀಲ. ಅದನ್ನು ಹಿಡಿದು ಸದಾ ಬಸವಣ್ಣನವರ ಬದಿಯಲ್ಲೇ ಇದ್ದ ಶರಣ ಅಪ್ಪಣ್ಣ. ಕರೆ ಬಂದಾಗ ನೀಲಮ್ಮ ಕೂಡಲೇ ಹೊರಡಲಿಲ್ಲವಂತೆ. ಸಂಗಯ್ಯ ಸಂಗಮದಲ್ಲಿ ಮಾತ್ರವೇ ಇದ್ದಾನೆಯೆ, ಇಲ್ಲಿಯೂ ಇದ್ದಾನಲ್ಲ ಎಂಬುದು ಅವಳ ನಿಲುವು. ಆಮೇಲೆ ಅಪ್ಪಣ್ಣನ ಜೊತೆ ಹೊರಟಳು. ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ಎದುರಾಯಿತು. ಅವಳು ಹೊಳೆ ದಾಟಲಿಲ್ಲ. ಇಲ್ಲೇ ಕುಳಿತು, ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು, ಇಲ್ಲೇ ಬಯಲಾದಳು. ಅಪ್ಪಣ್ಣನೂ ಇಲ್ಲೇ ಉಳಿದ. ಅವನ ಹೆಸರಿನ ಪೀಠ ಇಂದಿಗೂ ಈ ಊರಲ್ಲಿದೆ.

ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ. ಕಲ್ಯಾಣದಿಂದ ಇಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 200 ಕಿಲೋಮೀಟರ್. ದಾರಿಯ ಸುತ್ತುಬಳಸು ಸೇರಿದರೆ ಇನ್ನೂ ಹೆಚ್ಚು. ನಡುವೆ ಭೀಮೆಯನ್ನು ದಾಟಬೇಕು, ಎರೆಮಣ್ಣಿನ ಬಯಲು ತುಳಿಯಬೇಕು. ಮಳೆಗಾಲವಾದರೆ ಆ ಮಣ್ಣು ಕಾಲು ಬಿಡುವುದಿಲ್ಲ. ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ನಡೆದರೂ ಎಂಟು ದಿನ ಬೇಕೇ ಬೇಕು. ಅಪ್ಪಣ್ಣ ಹೋಗಲು ಎಂಟು ದಿನ, ಕರೆತರಲು ಎಂಟು ದಿನ. ಇಂದು ಅದೇ ದೂರಕ್ಕೆ ಗಂಟೆಗೆ 900 ಕಿಲೋಮೀಟರ್ ಹಾರುವ ವಿಮಾನಕ್ಕೆ ಹದಿನಾಲ್ಕು ನಿಮಿಷ ಸಾಕು. ಬಾಗೇವಾಡಿಯಿಂದ ಸಂಗಮಕ್ಕೆ, ಎಂದರೆ ಬಸವಣ್ಣ ಹುಟ್ಟಿದ ನೆಲದಿಂದ ಐಕ್ಯನಾದ ನೆಲಕ್ಕೆ, ಮೂರೇ ನಿಮಿಷ. ಮಂಗಳವೇಢೆ, ಕಲ್ಯಾಣ, ಸಂಗಮ ಎಂದು ಆ ಜೀವ ಆಯುಷ್ಯವಿಡೀ ನಡೆದ ನಾಡು ವಿಮಾನದ ಕಿಟಕಿಯಲ್ಲಿ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಸರಿದುಹೋಗುತ್ತದೆ.

ಅಂಥ ಬಸವಣ್ಣನವರೂ ಈಗ ಲಂಡನ್ನಿನಲ್ಲಿದ್ದಾರೆ. ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್ ಭಾಗದಲ್ಲಿ, ಬ್ರಿಟನ್ನಿನ ಪಾರ್ಲಿಮೆಂಟಿಗೆ ಎದುರಾಗಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಅವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಅದರ ಹಿಂದೆ ಓಡಾಡಿದವರು ಕಲಬುರಗಿಯ ಕಡೆಯವರೇ ಆದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್. ತಂಗಿ ಲಂಡನ್ನಿಗೆ ಹೋದ ಮೊದಲ ಭಾನುವಾರವೇ ಅಲ್ಲಿಗೆ ಹೋಗಿ ಫೋಟೊ ತೆಗೆದು ಕಳಿಸಿದ್ದಳು. ದೊಡ್ಡವ್ವ ಆ ಫೋಟೊವನ್ನು ಬಹಳ ಹೊತ್ತು ನೋಡಿ, "ಅಲ್ಲೂ ಹೊಳಿ ದಂಡ್ಯಾಗ ಅದಾನಲ್ಲ ನಮ್ಮಪ್ಪ" ಎಂದಿದ್ದಳು. ತಂಗಡಗಿಯಿಂದ ಆ ಪ್ರತಿಮೆಗೆ ಗಾಳಿಯ ದಾರಿಯಲ್ಲಿ ಸುಮಾರು 7,600 ಕಿಲೋಮೀಟರ್. ಸಂಗಮಕ್ಕೂ ತಂಗಡಗಿಗೂ ನಡುವೆ ಹರಿಯುವ ಹೊಳೆಗೆ ಎದುರಾಗಿ ಲಂಡನ್ನಿನಲ್ಲೂ ಒಂದು ಹೊಳೆ.

ಅದೇ ಥೇಮ್ಸ್ ಹೊಳೆಯ ಕೆಳದಿಕ್ಕಿಗೆ ಗ್ರೀನಿಚ್ ಇದೆ, ಜಗತ್ತಿನ ಹೊತ್ತನ್ನು ಎಣಿಸಲು ಶುರು ಮಾಡುವ ಸೊನ್ನೆಯ ಗೆರೆ ಇರುವ ಜಾಗ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ತಾಸು ಅಂತರ, ಚಳಿಗಾಲದಲ್ಲಿ ಐದೂವರೆ. ದೊಡ್ಡವ್ವನಿಗೆ ಈ ಲೆಕ್ಕ ಬಾಯಿಪಾಠ. ಇಲ್ಲಿ ದನ ಮನೆಗೆ ಬರುವ ಹೊತ್ತಿಗೆ ಅಲ್ಲಿ ಮಧ್ಯಾಹ್ನದ ಊಟದ ಬಿಡುವು. ಆಗ ಫೋನು ಮಾಡಬೇಕು. ಇಲ್ಲಿ ರೊಟ್ಟಿ ಬಡಿಯುವ ನಸುಕಿನಲ್ಲಿ ಅಲ್ಲಿ ಸರಿರಾತ್ರಿ; ಆಗ ಮಾಡಬಾರದು, ಮಗಳು ಗಾಬರಿಯಾಗುತ್ತಾಳೆ. ಗಡಿಯಾರದ ಹೊತ್ತು ದೇಶಕ್ಕೆಲ್ಲ ಒಂದೇ ಆದರೂ ಸೂರ್ಯನ ಹೊತ್ತು ಊರಿಂದೂರಿಗೆ ಬೇರೆ. 76ನೆಯ ರೇಖಾಂಶದ ಮೇಲಿರುವ ತಂಗಡಗಿಯ ನೆತ್ತಿಗೆ ಸೂರ್ಯ ಬರುವುದು ಸರಾಸರಿ ಹನ್ನೆರಡೂ ಇಪ್ಪತ್ತೈದರ ಹೊತ್ತಿಗೆ. ಹೊಲದಲ್ಲಿ ಬುತ್ತಿ ಬಿಚ್ಚುವವರು ಈಗಲೂ ನೆರಳನ್ನೇ ನೋಡಿ ಬಿಚ್ಚುತ್ತಾರೆ.

*

ಐದರ ಸುಮಾರಿಗೆ ಬೆಂಗಳೂರಿನಲ್ಲಿ ವಿಮಾನ ಇಳಿದ ಸುದ್ದಿ ಬಂದಿತ್ತು. ಬಂದೆ, ಮುಟ್ಟಿದೆ, ಸುಖವಾಗಿದ್ದೇನೆ ಎಂದು ಮೂರೇ ಮಾತು. ದೊಡ್ಡವ್ವ ಆಗ ಬಾಯಿಗೆ ನೀರು ಹಾಕಿದಳು.

ಆದರೆ ಊರು ಇನ್ನೂ ದೂರವಿತ್ತು. ಇಲ್ಲಿಂದ ಲಂಡನ್ನಿಗೆ ಹೋಗಬೇಕಾದವರು ಮೊದಲು ಲಂಡನ್ನಿಗೆ ಬೆನ್ನು ಹಾಕಿ ಹೊರಡಬೇಕು. ಬೆಂಗಳೂರು ತಂಗಡಗಿಗಿಂತ ಲಂಡನ್ನಿಗೆ ಸುಮಾರು 400 ಕಿಲೋಮೀಟರ್ ಹೆಚ್ಚು ದೂರ. ಬರುವಾಗಲೂ ಹಾಗೆಯೇ: ನಮ್ಮ ಸೀಮೆಯ ಮೇಲಿನಿಂದಲೇ ಹಾದು, ತೆಂಕಣಕ್ಕೆ ಹೋಗಿ ಇಳಿದು, ಮತ್ತೆ ಬಡಗಣಕ್ಕೆ ಸುಮಾರು 450 ಕಿಲೋಮೀಟರ್ ರಸ್ತೆ ಹಿಡಿದು ಬರಬೇಕು. ರಾತ್ರಿ ಬಸ್ಸಿಗೆ ಅದು ಒಂಬತ್ತು ಹತ್ತು ತಾಸು. ಎಂಟು ಸಾವಿರ ಕಿಲೋಮೀಟರಿಗೂ ಹತ್ತು ತಾಸು, ನಾಲ್ಕುನೂರೈವತ್ತಕ್ಕೂ ಹತ್ತು ತಾಸು. ನಡುವೆ ಲಂಡನ್ನಿನ ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಲ್ಲಿ ಸಾಲು, ಬೆಂಗಳೂರಿನಲ್ಲಿ ಬಸ್ಸಿನ ಹೊತ್ತಿಗಾಗಿ ಇಡೀ ದಿನದ ಕಾಯುವಿಕೆ. ಎಲ್ಲ ಕೂಡಿದರೆ ಬಾಗಿಲಿನಿಂದ ಬಾಗಿಲಿಗೆ ನಲವತ್ತು ತಾಸು. ಅದರಲ್ಲಿ ಗಾಳಿಯಲ್ಲಿ ಕಳೆದದ್ದು ಕಾಲು ಪಾಲು.

ಹತ್ತಿರದ ನಿಲ್ದಾಣಗಳು ಇಲ್ಲವೆಂದಲ್ಲ. 2003ರಲ್ಲಿ ಏರ್ ಡೆಕ್ಕನ್ನಿನ ಪುಟ್ಟ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರತೊಡಗಿದಾಗ ಉತ್ತರ ಕರ್ನಾಟಕದಲ್ಲಿ ಸಾಮಾನ್ಯರೂ ವಿಮಾನ ಹತ್ತಬಹುದೆಂಬ ಮಾತು ಹುಟ್ಟಿತು. 2019ರ ನವೆಂಬರ್ 22ರಂದು ಕಲಬುರಗಿಯ ನಿಲ್ದಾಣ ತೆರೆಯಿತು. ನಮ್ಮದೇ ಜಿಲ್ಲೆಯ ವಿಜಯಪುರದ ಹೊರವಲಯದಲ್ಲಿ, ಬುರಣಾಪುರ–ಮದಭಾವಿಯ ಬಯಲಿನಲ್ಲಿ, 2021ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಅದರ ಓಟದ ಹಾದಿಯ ಮೇಲೆ ಮೊದಲ ವಿಮಾನ ಇಳಿಯುವುದನ್ನು ನೋಡಲು ಜಿಲ್ಲೆಯೇ ಆಸೆಗಣ್ಣಿನಿಂದ ಕಾದಿದೆ. ದ್ರಾಕ್ಷಿ ಬೆಳೆಯುವವರಿಗೆ ಅದು ಬೇಕು, ಆಸ್ಪತ್ರೆಗೆ ಓಡುವವರಿಗೆ ಬೇಕು, ತವರಿಗೆ ಬರುವವರಿಗೂ ಬೇಕು. ಈ ಸಲ ತಂಗಿಯೇ ಬಸ್ಸಾಗಲಿ ಎಂದಳು. ಬಸ್ಸಿನಲ್ಲಿ ಮಲಗಿದರೆ ಊರ ಮುಂದೆಯೇ ಇಳಿಯಬಹುದು, ಮತ್ತೆ ಹತ್ತಿ ಇಳಿಯುವ ತಾಪತ್ರಯವಿಲ್ಲ.

ಈ ನಲವತ್ತು ತಾಸನ್ನು ನಾನು ಎಣಿಸಲು ಕಲಿತದ್ದು ನಾಲ್ಕು ವರ್ಷದ ಹಿಂದೆ, ದೊಡ್ಡಪ್ಪ ತೀರಿಕೊಂಡ ರಾತ್ರಿ.

ಮಾಘದ ಚಳಿ. ಎದೆ ಹಿಡಿದುಕೊಂಡ ದೊಡ್ಡಪ್ಪ ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಹನ್ನೊಂದು ಗಂಟೆಗೆ ತಂಗಿಗೆ ಫೋನು ಮಾಡಿದವನು ನಾನೇ. ಅವಳು ಅಳಲೂ ಇಲ್ಲ. "ಅಣ್ಣಾ, ನಾ ಹೊಂಟೆ, ಮಣ್ಣು ಮಾಡಬ್ಯಾಡ್ರಿ" ಎಂದಳು. ಬೆಳಗಾಗುತ್ತಲೇ ಬೀಗರು, ಬಿಜ್ಜರು, ಊರ ಹಿರಿಯರು ಕೂಡಿದರು. ಹೆಣವನ್ನು ಬಹಳ ಹೊತ್ತು ಇಡಬಾರದು, ಹೊತ್ತು ಮುಳುಗುವುದರೊಳಗೆ ಆಗಬೇಕು ಎಂದರು. ಅಷ್ಟು ದೂರದಿಂದ ಅವಳು ಯಾವಾಗ ಬರುತ್ತಾಳೆ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿದ್ದದ್ದು ಹತ್ತು ತಾಸಿನ ಲೆಕ್ಕ. ಉಳಿದ ಮೂವತ್ತು ತಾಸು ಎದುರಿಗೆ ಬಂದು ನಿಂತದ್ದು ಆವಾಗಲೇ. ಕಾಯೋಣ ಎನ್ನಲು ಬಾಯಿ ಬರಲಿಲ್ಲ. ಸಂಜೆ ಹೊಲದಲ್ಲಿ ಮಣ್ಣು ಕೊಟ್ಟೆವು. ಮೂರನೆಯ ದಿನ ನಸುಕಿಗೆ ಅವಳು ಬಸ್ಸಿಳಿದು ಬಂದಾಗ ಗದ್ದಿಗೆಯ ಮೇಲಿನ ಹೂವು ಬಾಡಿದ್ದವು. ಅವಳು ಯಾರನ್ನೂ ಏನೂ ಅನ್ನಲಿಲ್ಲ. ಆ ಹಸಿ ಮಣ್ಣಿನ ಮೇಲೆ ಅಂಗೈ ಊರಿ ಕುಳಿತಳು. ಬಿಸಿಲು ಏರಿದರೂ ಏಳಲಿಲ್ಲ.

ನೀಲಮ್ಮನ ಕಥೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದು ಅರ್ಥವಾದದ್ದು ಆ ದಿನ. ಎಂಟು ದಿನ ನಡೆದು ಬಂದವಳು ಕಡೆಯ ಹೊಳೆಯ ಮುಂದೆ ಯಾಕೆ ಕುಳಿತುಬಿಟ್ಟಳು ಎಂದು ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳುತ್ತಿದ್ದೆ. ಯಾರಿಗಾಗಿ ಬಂದಳೋ ಅವರೇ ಇಲ್ಲವೆಂದ ಮೇಲೆ ಆ ಹೊಳೆಗೆ ಆಚೆ ದಂಡೆಯೇ ಇರುವುದಿಲ್ಲ. ಮನುಷ್ಯನಿಗೆ ಎದುರಾಗುವ ಅತಿ ದೊಡ್ಡ ದೂರವೆಂದರೆ ಹೊತ್ತಿಗೆ ಮುಟ್ಟಲಾಗದ ದೂರ. ಹನ್ನೆರಡನೆಯ ಶತಮಾನದ ಕಾಲ್ನಡಿಗೆಯಲ್ಲೂ ಅದಿತ್ತು, ಇಂದಿನ ವಿಮಾನದಲ್ಲೂ ಅದಿದೆ. ಅದನ್ನು ಒಂದೊಂದು ತಾಸು ಕಡಿಮೆ ಮಾಡುವ ಪ್ರತಿ ಸೇತುವೆ, ಪ್ರತಿ ರಸ್ತೆ, ಪ್ರತಿ ನಿಲ್ದಾಣದ ಬಗ್ಗೆಯೂ ನನಗೆ ಈಗ ಅಕ್ಕರೆ. ಮಣ್ಣು ಕೊಡುವ ಹೊತ್ತಿಗೆ ಒಬ್ಬ ಮಗಳು ಮುಟ್ಟಿದರೆ ಆ ಕಲ್ಲು, ಸಿಮೆಂಟು, ದುಡ್ಡು ಎಲ್ಲ ಸಾರ್ಥಕ.

*

ಮರುದಿನ ನಸುಕಿನಲ್ಲಿ ದೊಡ್ಡವ್ವ ನನಗಿಂತ ಮೊದಲೇ ತಯಾರಾಗಿ ನಿಂತಿದ್ದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಸೆರಗಿನ ಗಂಟಿನಲ್ಲಿ ಎರಡು ಉಂಡಿ. ರಾತ್ರಿಯೆಲ್ಲ ಈ ಸಲ ಹಳದಿ ವಿಮಾನವಿರಲಿಲ್ಲ. ತಂಗಿಯ ಸಣ್ಣ ಸಣ್ಣ ಸುದ್ದಿಗಳಿದ್ದವು. ಚಿತ್ರದುರ್ಗ ದಾಟಿತು. ಹೊಸಪೇಟೆಯಲ್ಲಿ ನಿಂತಿದೆ, ಚಹಾ ಕುಡಿದೆ. ಕುಷ್ಟಗಿ ಆಯಿತು. ಇಳಕಲ್. ಹುನಗುಂದ. ಊರುಗಳ ಹೆಸರು ಒಂದೊಂದಾಗಿ ಹತ್ತಿರವಾದಂತೆ ದೊಡ್ಡವ್ವನ ಮುಖ ಹಗುರಾಗುತ್ತಿತ್ತು. ತುರ್ಕಿ, ಇರಾನ್ ಎಂದಾಗ ಬಾರದ ಧೈರ್ಯ ಹುನಗುಂದ ಎಂದಾಗ ಬಂತು. ಹುನಗುಂದದ ಸಂತೆಗೆ ಅವಳು ಹೋಗಿ ಬಂದಿದ್ದಾಳೆ. ಆ ದೂರ ಅವಳ ಕಾಲಿಗೆ ಗೊತ್ತಿದೆ.

ಹುನಗುಂದದಿಂದ ಮುದ್ದೇಬಿಹಾಳಕ್ಕೆ ಬರುವ ದಾರಿ ಇಲ್ಲಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟುತ್ತದೆ. ನಾವಿಬ್ಬರೂ ರಸ್ತೆಯ ಬದಿಯಲ್ಲಿ, ಜಾಲಿಯ ಗಿಡದ ಕೆಳಗೆ ನಿಂತೆವು. ಕತ್ತಲಲ್ಲಿ ಹೊಳೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ದೊಡ್ಡವ್ವ ನೀಲಮ್ಮನ ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದಳು. "ಯವ್ವಾ, ಹೊಳಿ ದಾಟಿಸವ್ವಾ" ಎಂದಳು. ಸೇತುವೆಯಿದೆ, ಗಟ್ಟಿಯಾಗಿದೆ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಆಚೆ ದಂಡೆಯಲ್ಲಿ ಎರಡು ದೀಪ ಕಂಡವು. ಸಣ್ಣಗೆ, ಒತ್ತಾಗಿ. ಆಮೇಲೆ ಅವು ಹೊಳೆಯ ಮೇಲಕ್ಕೆ ಬಂದವು. ಕೆಳಗೆ ಕೆಂಪು ನೀರಿನಲ್ಲಿ ಬೆಳಕಿನ ಎರಡು ಪಟ್ಟಿಗಳು ಅಲುಗುತ್ತ ಜೊತೆಗೇ ಸರಿದವು. ಸೇತುವೆ ದಾಟಲು ಬಸ್ಸಿಗೆ ಒಂದು ನಿಮಿಷವಾದರೂ ಹಿಡಿದಿತೋ ಇಲ್ಲವೋ. ಆದರೆ ಇಡೀ ದಾರಿಯಲ್ಲಿ ನಾವು ಉಸಿರು ಬಿಗಿಹಿಡಿದದ್ದು ಅದೊಂದೇ ನಿಮಿಷ.

ಬಸ್ಸು ನಿಂತಿತು. ಬಾಗಿಲು ತೆರೆಯಿತು. ಮೊದಲು ಎರಡು ಚೀಲ, ಆಮೇಲೆ ನಿದ್ದೆಗಣ್ಣಿನ ತಂಗಿ. ಕಾಲು ನೆಲಕ್ಕೆ ಊರುವ ಮೊದಲೇ ದೊಡ್ಡವ್ವ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನಿವಾಳಿಸಿ, ತನ್ನ ಹಣೆಯ ಬದಿಗೆ ಲಟಿಗೆ ಮುರಿದಳು. ಗಂಟು ಬಿಚ್ಚಿ ಉಂಡಿ ಬಾಯಿಗಿಟ್ಟಳು. ತಂಗಿ ಅಗಿಯುತ್ತಲೇ ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಯವ್ವಾ, ನಿನ್ನೆ ನಮ್ಮ ಸೀಮಿ ಮ್ಯಾಲೇ ಹಾದು ಹ್ವಾದ್ನಿ. ಪರದಿ ಮ್ಯಾಗ ಬೆಳಗಾವಿ ಅಂತ ತೋರಿಸ್ತು. ಕಿಟಕ್ಯಾಗ ನೋಡಿದ್ರ ಬರೇ ಮಾಡ. ಇಳೀಬೇಕ ಅನಿಸ್ತು ನೋಡು."

"ನಾನೂ ಅಂಗಳದಾಗ ನಿಂತಿದ್ನಿ. ಈಗ ಇಳದೀಯಲ್ಲ, ನಡಿ" ಎಂದಳು ದೊಡ್ಡವ್ವ.

ಬಸ್ಸು ಮುದ್ದೇಬಿಹಾಳದ ಕಡೆ ಹೋಯಿತು. ಮೂಡಣದಲ್ಲಿ ಬೆಳಕು ಒಡೆಯುತ್ತಿತ್ತು. ತಾಯಿ ಮಗಳು ಒಬ್ಬರ ಕೈಯೊಬ್ಬರು ಹಿಡಿದು ಮುಂದೆ ನಡೆದರು. ಎರಡು ಚೀಲ ಹೊತ್ತು ಅವರ ಹಿಂದೆ ನಾನು. ಮನೆ ಕೂಗಳತೆಯಲ್ಲಿತ್ತು.